ಅಗಸೆಯಲ್ಲಿ ಕುಳಿತ ಕಿಣ್ವ

ಹುಣಸಗಿಯಿಂದ ನಾಲ್ಕಾರು ಮೈಲಿ ನಡೆದರೆ ಇಸಾಂಪುರವೆಂಬ ಸಣ್ಣ ಹಳ್ಳಿ ಸಿಕ್ಕುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸರಾದ ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ಶೋಧಿಸುತ್ತ ಬಂದು, 1990ರ ದಶಕದ ಕೊನೆಯಲ್ಲಿ ಈ ಇಸಾಂಪುರದ ನೆಲವನ್ನು ಅಗೆಸಿದರು. ಅಲ್ಲಿ ಅವರಿಗೆ ದೊರೆತದ್ದು ಶಿಲಾಯುಗದ ಒಂದು ಕಮ್ಮಟ. ಸುಣ್ಣಕಲ್ಲಿನ ಹಾಸುಬಂಡೆಗಳನ್ನು ಒಡೆದು, ಚಕ್ಕೆ ಎಬ್ಬಿಸಿ, ಆದಿಮಾನವರು ಅಲ್ಲಿಯೇ ಕುಳಿತು ಕೈಗೊಡಲಿಗಳನ್ನು ಮಾಡುತ್ತಿದ್ದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಎಣಿಸಲಾಗಿದೆ.

ಶಿಲಾಯುಗದ ಕುರಿತು ಮಾತನಾಡುವುದು ಈ ಹೊತ್ತಿನ ನನ್ನ ಉದ್ದೇಶವಲ್ಲ. ಆದರೆ ಆ ಕೈಗೊಡಲಿಯನ್ನು ಒಮ್ಮೆ ಹಿಡಿದು ನೋಡಿದವರಿಗೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ಅದಕ್ಕೆ ಹಿಡಿಕೆಯಿಲ್ಲ. ದಪ್ಪನೆಯ ಬುಡ ಅಂಗೈಯಲ್ಲಿ ಕೂರುತ್ತದೆ, ಅಲಗು ಮುಷ್ಟಿಯ ಹೊರಗೆ ಚಾಚಿಕೊಳ್ಳುತ್ತದೆ. ಅಲಗು ಮುಷ್ಟಿಯೊಳಗೇ ಮುಚ್ಚಿಹೋದರೆ ಎಷ್ಟೇ ಹರಿತವಾಗಿದ್ದರೂ ಅದು ಏನನ್ನೂ ಕಡಿಯಲಾರದು. ನಾನಿಂದು ಹೇಳಹೊರಟಿರುವ ವಿಜ್ಞಾನದ ಕಥೆಯೂ ಇಷ್ಟೇ. ಹತ್ಯಾರ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು, ಅದನ್ನು ಹಿಡಿದ ಕೈ ಒಂದು ಬ್ಯಾಕ್ಟೀರಿಯಾ.

ಆ ಹತ್ಯಾರದ ಹೆಸರು ಕಿಣ್ವ. ಜೋಳದ ರೊಟ್ಟಿಯ ತುಣುಕೊಂದನ್ನು ನುಂಗದೆ ಬಾಯಲ್ಲಿ ನಿಧಾನವಾಗಿ ಅಗಿಯುತ್ತಿದ್ದರೆ ಕೊಂಚ ಹೊತ್ತಿಗೆ ಅದು ಸಿಹಿಯೆನಿಸತೊಡಗುತ್ತದೆ. ಎಂಜಲಿನಲ್ಲಿರುವ ಕಿಣ್ವವೊಂದು ಹಿಟ್ಟಿನ ಉದ್ದನೆಯ ಸರಪಳಿಯನ್ನು ಕತ್ತರಿಸಿ ಸಕ್ಕರೆಯ ತುಂಡುಗಳನ್ನಾಗಿ ಮಾಡುವುದರ ಫಲ ಅದು. ಕಿಣ್ವವೆಂದರೆ ಜೀವಕೋಶವು ತಯಾರಿಸುವ ಒಂದು ಪ್ರೋಟೀನು. ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ಕೆಲಸ ಮುಗಿದಾಗ ತಾನು ಸವೆಯದೆ ಮತ್ತೊಂದು ಅಣುವಿನತ್ತ ತಿರುಗುತ್ತದೆ. ಕಾರ್ಖಾನೆಯಲ್ಲಿ ಉರಿಯನ್ನೂ ಆಮ್ಲವನ್ನೂ ಸುರಿದು ಮಾಡಿಸಬೇಕಾದ ರಾಸಾಯನಿಕ ಕ್ರಿಯೆಯನ್ನು ಅದು ಮೈಬಿಸಿಯಷ್ಟು ಶಾಖದಲ್ಲಿ, ಬರಿಯ ನೀರಿನಲ್ಲಿ ಮಾಡಿ ಮುಗಿಸುತ್ತದೆ. ಜೈವಿಕ ಕ್ರಿಯಾವರ್ಧಕವೆಂದು ಗ್ರಂಥಗಳು ಹೇಳುವುದು ಇದನ್ನೇ.

ಇಷ್ಟು ಪೀಠಿಕೆಯಾದ ಮೇಲೆ ನಮ್ಮೂರಿನ ಮಾತಿಗೆ ಬರುತ್ತೇನೆ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ 1982ರಲ್ಲಿ ಪೂರ್ತಿಯಾಯಿತು. ಎಡದಂಡೆಯ ಕಾಲುವೆಯಲ್ಲಿ ನೀರು ಹರಿದು ಬಂದಿತು. ಜೋಳ, ಸಜ್ಜೆ, ತೊಗರಿಗಳನ್ನು ಮಳೆಯ ಮರ್ಜಿಗೆ ಬಿಟ್ಟು ಬೆಳೆಯುತ್ತಿದ್ದ ಎರಿಭೂಮಿಯಲ್ಲಿ ಭತ್ತದ ಗದ್ದೆಗಳು ಎದ್ದವು, ಹತ್ತಿಯ ಹೊಲಗಳು ಹಿಗ್ಗಿದವು. ಅವುಗಳ ಬೆನ್ನಿಗೇ ಕೀಟಗಳು ಬಂದವು, ಕೀಟಗಳ ಬೆನ್ನಿಗೆ ಡಬ್ಬಿಗಳು ಬಂದವು. ನಮ್ಮ ಕಡೆಯ ರೈತರು ಅದನ್ನು ಕೀಟನಾಶಕವೆಂದು ಕರೆಯುವುದಿಲ್ಲ, ‘ಎಣ್ಣಿ ಹೊಡೆಯೋದು’ ಎನ್ನುತ್ತಾರೆ. ವಿಷಕ್ಕೆ ಎಣ್ಣೆಯೆಂದು ಹೆಸರಿಟ್ಟಾಗ ಭಯ ಅರ್ಧಕ್ಕರ್ಧ ಇಳಿದುಹೋಗುತ್ತದೆಂದು ನನಗೆ ಬಹಳ ಸಲ ಅನಿಸಿದೆ.

ಕಾಲುವೆಗೆ ನೀರು ಬಂದ ಕೆಲವು ವರ್ಷಗಳ ತರುವಾಯ ನಡೆದ ಸಂಗತಿ. ನನ್ನ ಕಾಕಾ ಒಬ್ಬರು ಹತ್ತಿಗೆ ಎಣ್ಣೆ ಹೊಡೆದು ಬಂದು ಪಂಪನ್ನು ಕಾಲುವೆಯ ತೂಬಿನ ಹತ್ತಿರ ತೊಳೆದು, ಅಲ್ಲಿಯೇ ಮೈಕೈ ತೊಳೆದುಕೊಂಡು ಬೇವಿನ ಮರದಡಿ ಕುಳಿತರು. ಮೇಲ್ಗಡೆಯ ಹೊಲದವರೂ ಅದೇ ಹೊತ್ತಿಗೆ ಅದೇ ನೀರಿನಲ್ಲಿ ತಮ್ಮ ಪಂಪು, ಕೊಡ, ಡಬ್ಬಿಗಳನ್ನು ತೊಳೆಯುತ್ತಿದ್ದರು. ಕೊಂಚ ಹೊತ್ತಿನಲ್ಲಿ ಕಾಕಾನ ಬಾಯಿಂದ ಜೊಲ್ಲು ಸುರಿಯತೊಡಗಿತು, ಮೈಯೆಲ್ಲ ಬೆವರಿತು, ಕಣ್ಣಪಾಪೆ ಸಾಸಿವೆಕಾಳಿನಷ್ಟಾಯಿತು, ಉಸಿರು ಕಟ್ಟಿತು. ಸುರಪುರಕ್ಕೆ ಒಯ್ದು ಅಟ್ರೋಪಿನ್ ಚುಚ್ಚಿಸಿದ ಮೇಲೆ ಜೀವ ಉಳಿಯಿತು. ಮರುದಿನ ಕಾಲುವೆಯ ನೀರು ಎಂದಿನಂತೆ ಹರಿಯುತ್ತಿತ್ತು, ಕೆಳಗಿನ ಹಳ್ಳಿಯ ಹೆಣ್ಣುಮಕ್ಕಳು ಎಂದಿನಂತೆ ಕೊಡ ತುಂಬುತ್ತಿದ್ದರು.

ಕಾಕಾನ ಮೈಯಲ್ಲಿ ಆದದ್ದೇನು? ನಮ್ಮ ನರವು ಸ್ನಾಯುವಿಗೆ ಆಜ್ಞೆ ಕಳಿಸುವುದು ಅಸಿಟೈಲ್ ಕೋಲೀನ್ ಎಂಬ ವಸ್ತುವಿನ ಮೂಲಕ. ಆಜ್ಞೆ ಮುಟ್ಟಿದ ಕೂಡಲೇ ಆ ವಸ್ತುವನ್ನು ಒಂದು ಕಿಣ್ವ ಕತ್ತರಿಸಿ ಹಾಕಬೇಕು, ಇಲ್ಲವಾದರೆ ಆಜ್ಞೆ ನಿಲ್ಲುವುದೇ ಇಲ್ಲ. ಪ್ಯಾರಾಥಿಯಾನ್, ಮೀಥೈಲ್ ಪ್ಯಾರಾಥಿಯಾನ್, ಡಯಾಜಿನಾನ್, ಕ್ಲೋರ್‌ಪೈರಿಫಾಸ್ ಮೊದಲಾದ ರಂಜಕಯುಕ್ತ ಕೀಟನಾಶಕಗಳು ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕತ್ತರಿಯ ಬಾಯನ್ನೇ ಕಟ್ಟಿಬಿಡುತ್ತವೆ. ಕೀಟ ಸಾಯುವುದು ಹೀಗೆಯೇ, ಮನುಷ್ಯ ಸಾಯುವುದೂ ಹೀಗೆಯೇ. ಪ್ರಮಾಣದಲ್ಲಿ ಮಾತ್ರ ಭೇದ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೀಥೈಲ್ ಪ್ಯಾರಾಥಿಯಾನ್, ಡಯಾಜಿನಾನ್ ಮೊದಲಾದ ಕೆಲವನ್ನು ಕೂಡಲೇ ನಿಷೇಧಿಸಿತು. ಟ್ರಯಜೋಫಾಸ್, ಫೋರೇಟ್, ಡೈಕ್ಲೋರ್‌ವಾಸ್‌ಗಳಿಗೆ 2020ರ ಕೊನೆಯವರೆಗೆ ಗಡುವು ಕೊಟ್ಟಿತು. ಒಳ್ಳೆಯದಾಯಿತು. ಆದರೆ ಒಂದು ಹೋದಲ್ಲಿ ಅದೇ ಕುಲದ ಮತ್ತೊಂದು ಅಂಗಡಿಗೆ ಬರುತ್ತದೆ. ಪಂಪು ತೊಳೆದ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಇದಕ್ಕೊಂದು ದಾರಿ ಗದ್ದೆಯ ಕೆಸರಿನಲ್ಲಿಯೇ ಹುಟ್ಟಿತೆಂಬುದು ಸ್ವಾರಸ್ಯದ ಮಾತು. ನಮ್ಮ ದೇಶದವರಾದ ಎನ್. ಸೇತುನಾಥನ್ ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಡಯಾಜಿನಾನ್ ಮತ್ತೆ ಮತ್ತೆ ಹಾಕಿದ ಗದ್ದೆಗಳ ನೀರಿನಲ್ಲಿ ಆ ವಿಷ ಬಹಳ ಬೇಗ ಕರಗಿಹೋಗುವುದನ್ನು ಕಂಡರು. ಯಾರೋ ಅದನ್ನು ತಿನ್ನುತ್ತಿದ್ದರು! ಆ ನೀರಿನಿಂದ ಅವರೂ ಅವರ ಜಪಾನೀ ಸಹೋದ್ಯೋಗಿ ಯೋಶಿದಾ ಅವರೂ ಫ್ಲೇವೊಬ್ಯಾಕ್ಟೀರಿಯಂ ಜಾತಿಯ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ 1973ರಲ್ಲಿ ಪ್ರಕಟಿಸಿದರು. ಅದು ಡಯಾಜಿನಾನನ್ನೂ ಪ್ಯಾರಾಥಿಯಾನನ್ನೂ ಕಡಿಯಬಲ್ಲದು. ಮುಂದೆ ಅಮೆರಿಕದಲ್ಲಿ ದೊರೆತ ಬೇರೊಂದು ಜಾತಿಯ ಬ್ಯಾಕ್ಟೀರಿಯಾದಲ್ಲಿಯೂ ಅದೇ ವಂಶವಾಹಿ ಕಂಡುಬಂದಿತು. ಸಾಗರದ ಎರಡು ದಡಗಳಲ್ಲಿ, ಎರಡು ಬೇರೆ ಕುಲಗಳಲ್ಲಿ ಒಂದೇ ಹತ್ಯಾರ. ಈ ವಂಶವಾಹಿ ಒಂದು ಜೀವಿಯಿಂದ ಇನ್ನೊಂದಕ್ಕೆ ಜಿಗಿಯುವ ತುಣುಕಿನಂತೆ ಜೋಡಿಸಲ್ಪಟ್ಟಿದೆಯೆಂಬುದನ್ನು ಹೈದರಾಬಾದ್ ವಿಶ್ವವಿದ್ಯಾಲಯದ ದಯಾನಂದ ಸಿದ್ದವಟ್ಟಂ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು.

ಆ ವಂಶವಾಹಿ ಹೆಣೆಯುವ ಕಿಣ್ವವು ನೀರಿನ ಒಂದು ಅಣುವನ್ನು ಬಳಸಿಕೊಂಡು ವಿಷದ ಅಣುವಿನ ರಂಜಕದ ಬಂಧವನ್ನು ಕತ್ತರಿಸುತ್ತದೆ. ನರದ ಕಿಣ್ವವನ್ನು ಕಟ್ಟಿಹಾಕುವ ವಿಷಕ್ಕೆ ಮತ್ತೊಂದು ಕಿಣ್ವವೇ ಮದ್ದಾದಂತಾಯಿತು. ಅದಕ್ಕೆ ಬಹಳ ಪ್ರಿಯವಾದ ಪ್ಯಾರಾಕ್ಸಾನ್ ಎಂಬ ವಿಷವನ್ನು ಕೊಟ್ಟರೆ ಒಂದೊಂದು ಕಿಣ್ವದ ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ತುಂಡರಿಸುತ್ತದೆ.

ಹಾಗಾದರೆ ತೊಡಕೆಲ್ಲಿ? ಇಲ್ಲಿ ನಮ್ಮ ಕಡೆಯ ಹಳೆಯ ವಾಡೆಯೊಂದನ್ನು ಶ್ರೋತೃಗಳು ಕಣ್ಣಮುಂದೆ ತಂದುಕೊಳ್ಳಬೇಕು. ಬ್ಯಾಕ್ಟೀರಿಯಾಗಳಲ್ಲಿ ಪ್ರಯೋಗಶಾಲೆಯವರಿಗೆ ಬಹಳ ಪರಿಚಿತವಾದದ್ದು ಈ. ಕೋಲಿ. ಅದರ ಉದ್ದ ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗದಷ್ಟು. ಈ ವಾಡೆಗೆ ಎರಡು ಪೊರೆಯ ಗೋಡೆಗಳು, ನಡುವೆ ಒಂದು ಓಣಿ. ಒಳಗೋಡೆಯ ಆಚೆ ಮನೆಯ ಸಂಸಾರವೆಲ್ಲ ನಡೆಯುತ್ತದೆ. ಕಿಣ್ವಗಳು ತಯಾರಾಗುವುದು ಅಲ್ಲಿ, ಸಾಮಾನ್ಯವಾಗಿ ಉಳಿಯುವುದೂ ಅಲ್ಲಿಯೇ. ಹೊರಗೋಡೆಯ ಹೊರಮೈಗೆ ಸಕ್ಕರೆ ಮತ್ತು ಮೇದಸ್ಸಿನ ಒಂದು ಗಿಲಾವು ಇದೆ. ಪ್ಯಾರಾಥಿಯಾನಿನಂಥ ಜಿಡ್ಡುಜಿಡ್ಡಾದ ಅಣುಗಳನ್ನು ಈ ಗಿಲಾವು ಸುಲಭವಾಗಿ ಒಳಗೆ ಬಿಡುವುದಿಲ್ಲ. ಕಮ್ಮಾರ ವಾಡೆಯ ಒಳಕೋಣೆಯಲ್ಲಿ ಕುಲುಮೆ ಹೂಡಿ ಕುಳಿತಿದ್ದಾನೆ, ಕೆಲಸ ತಂದವರು ಅಗಸೆಯ ಹೊರಗೆ ಸಾಲುಗಟ್ಟಿ ನಿಂತಿದ್ದಾರೆ. ಕಮ್ಮಾರನ ಕೈ ಎಷ್ಟು ಚುರುಕಾದರೇನು?

ವಾಡೆಯನ್ನು ಒಡೆದು ಕಮ್ಮಾರನನ್ನು ಹೊರಗೆಳೆಯಬಹುದು. ಎಂದರೆ ಕೋಶಗಳನ್ನು ಜಜ್ಜಿ, ಸಾವಿರ ಬಗೆಯ ಪ್ರೋಟೀನುಗಳ ನಡುವಿನಿಂದ ಒಂದನ್ನೇ ಶೋಧಿಸಿ ತೆಗೆಯುವುದು. ಇದು ದುಬಾರಿ. ಅಲ್ಲದೆ ಮನೆ ಬಿಟ್ಟ ಕಿಣ್ವ ಬಹುಕಾಲ ಬಾಳುವುದಿಲ್ಲ, ನೀರಿನಲ್ಲಿ ಬೆರೆತರೆ ಮರಳಿ ಹಿಡಿಯಲೂ ಆಗದು. ಗೋಡೆಗೆ ತೂತು ಕೊರೆಯುವ ಔಷಧಿಗಳನ್ನೂ ಬಳಸಿ ನೋಡಿದ್ದಾರೆ, ಆಗ ವಾಡೆಯೇ ಕುಸಿಯುತ್ತದೆ. ಎಲ್ಲಕ್ಕಿಂತ ಜಾಣತನದ ಉಪಾಯವೆಂದರೆ ಕಮ್ಮಾರನನ್ನು ಕುಲುಮೆಸಹಿತ ತಂದು ಅಗಸೆಯ ಕಟ್ಟೆಯ ಮೇಲೆ ಕೂರಿಸುವುದು. ಕೋಶದ ಹೊರಮೈಯಲ್ಲಿ ಕಿಣ್ವವನ್ನು ನೆಲೆಗೊಳಿಸುವ ವಿದ್ಯೆ ಇದೇ.

ಕೂರಿಸುವುದು ಹೇಗೆ? ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಹುಟ್ಟಿನಿಂದಲೇ ಇರುವ ಕೆಲವು ಪ್ರೋಟೀನುಗಳುಂಟು. ತಯಾರಾಗುವಾಗಲೇ ಅವುಗಳ ತುದಿಗೆ ಒಂದು ವಿಳಾಸದ ಚೀಟಿ ಅಂಟಿಕೊಂಡಿರುತ್ತದೆ. ಒಳಗಿನ ಸಾಗಣೆಯ ವ್ಯವಸ್ಥೆ ಆ ಚೀಟಿಯನ್ನು ಓದಿಕೊಂಡು ಅವನ್ನು ಗೋಡೆಯವರೆಗೆ ಒಯ್ದು ನಾಟುತ್ತದೆ. 1992ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಜಾರ್ಜ್ ಜಾರ್ಜಿಯು ಮತ್ತು ಸಂಗಡಿಗರು ಇಂಥ ಎರಡು ಪ್ರೋಟೀನುಗಳಿಂದ ಒಂದೊಂದು ತುಂಡನ್ನು ತೆಗೆದುಕೊಂಡರು. ಒಂದರಿಂದ ವಿಳಾಸದ ಚೀಟಿ, ಇನ್ನೊಂದರಿಂದ ಗೋಡೆಯನ್ನು ಐದು ಸಲ ಹೊಲಿದಂತೆ ತೂರಿಹೋಗುವ ಗೂಟ. ಈ ಎರಡರ ತುದಿಗೆ ತಮಗೆ ಬೇಕಾದ ಕಿಣ್ವವನ್ನು ಜೋಡಿಸಿದರು. ಜೋಡಣೆ ನಡೆಯುವುದು ವಂಶವಾಹಿಯ ಬರಹದಲ್ಲಿ. ಮೂರು ವಾಕ್ಯಗಳನ್ನು ಒಂದೇ ವಾಕ್ಯವಾಗಿ ಬರೆದುಕೊಟ್ಟರೆ ಕೋಶವು ಅದನ್ನು ಒಂದೇ ಉಸಿರಿಗೆ ಓದಿ ಒಂದೇ ಪ್ರೋಟೀನಾಗಿ ಹೆಣೆಯುತ್ತದೆ. ಗೂಟ ಗೋಡೆಯಲ್ಲಿ ನಾಟಿಕೊಂಡಿತು, ಕಿಣ್ವ ಹೊರಗೆ ತೂಗಿತು.

ಇದೇ ಗೂಟಕ್ಕೆ ನಮ್ಮ ಗದ್ದೆಯ ಕಿಣ್ವವನ್ನು ಕಟ್ಟಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ರಿಚಿನ್ಸ್, ಕನೇವಾ, ಅಶೋಕ್ ಮುಲ್‌ಚಂದಾನಿ ಮತ್ತು ವಿಲ್‌ಫ್ರೆಡ್ ಚೆನ್. ಅದು 1997ರಲ್ಲಿ. ಕಿಣ್ವ ನಿಜವಾಗಿ ಹೊರಗೇ ಇದೆಯೆಂದು ಗೊತ್ತುಮಾಡಿಕೊಂಡ ಬಗೆ ಸೊಗಸಾಗಿದೆ. ಪ್ರೋಟೀನುಗಳನ್ನು ಅರಗಿಸುವ ಇನ್ನೊಂದು ಕಿಣ್ವವನ್ನು ಕೋಶಗಳ ಮೇಲೆ ಬಿಟ್ಟರು. ಅದು ಗೋಡೆ ದಾಟಿ ಒಳಹೊಗಲಾರದು, ಹೊರಗಿದ್ದುದನ್ನು ಮಾತ್ರ ತಿಂದೀತು. ಹಾಗೆ ನೋಡಿದಾಗ ಒಟ್ಟು ಕತ್ತರಿಸುವ ಶಕ್ತಿಯ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಕೋಶದ ಹೊರಮೈಯಲ್ಲಿತ್ತು. ಅಷ್ಟೇ ಪ್ರಮಾಣದ ಕಿಣ್ವವನ್ನು ಒಳಗಿಟ್ಟುಕೊಂಡ ಕೋಶಗಳಿಗಿಂತ ಈ ಕೋಶಗಳು ಪ್ಯಾರಾಥಿಯಾನನ್ನು ಏಳು ಪಟ್ಟು ವೇಗವಾಗಿ ಕಡಿದವು. ಹತ್ಯಾರ ಅದೇ, ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಬದಲಾದದ್ದು ಅದಿರುವ ಜಾಗ.

ಗೂಟಗಳು ಬೇರೆ ಬಗೆಯವೂ ಉಂಟು. ಸೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದ ಮೈಮೇಲೆ ನೀರನ್ನು ಬೇಗನೆ ಹಿಮಗಟ್ಟಿಸುವ ಒಂದು ಪ್ರೋಟೀನಿದೆ. ಚಳಿನಾಡುಗಳಲ್ಲಿ ಎಲೆಗಳನ್ನು ಹಿಮದಿಂದ ಸುಡುವುದು ಅದರ ವೃತ್ತಿ. ನಮ್ಮ ಬೇಸಗೆಯಲ್ಲಿ ಅದಕ್ಕೆ ಏನೂ ಕೆಲಸವಿಲ್ಲವೆಂದು ನಗಬಹುದು. ಆದರೆ ಆ ಪ್ರೋಟೀನು ಹೊರಗೋಡೆಯನ್ನು ಬಹಳ ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಅದನ್ನೇ ಗೂಟವಾಗಿಸಿ ಕಿಣ್ವಗಳನ್ನು ಕಟ್ಟಿದ್ದಾರೆ, ಅದು ಮೊದಲಿನದಕ್ಕಿಂತ ಚೆನ್ನಾಗಿ ಬಾಳಿತು.

ಈಗ ಇನ್ನೊಂದು ಲಾಭದ ಮಾತು. ನನಗೆ ಇದೇ ಹೆಚ್ಚಿನದೆನಿಸುತ್ತದೆ. ಗದ್ದೆಯ ಈ ಕಿಣ್ವ ಪ್ಯಾರಾಥಿಯಾನಿನ ಮೇಲೆ ಹರಿತ, ಆದರೆ ಇತ್ತೀಚಿನ ದಶಕಗಳಲ್ಲಿ ನಮ್ಮ ಹೊಲಗಳಲ್ಲಿ ಬಹಳವಾಗಿ ಬಳಕೆಯಾದ ಕ್ಲೋರ್‌ಪೈರಿಫಾಸಿನ ಮೇಲೆ ಬಲು ಮೊಂಡು. ಅದನ್ನು ಮಸೆಯಬೇಕು. ಮಸೆಯುವುದೆಂದರೆ ವಂಶವಾಹಿಯ ಬರಹದಲ್ಲಿ ಅಲ್ಲಲ್ಲಿ ತಪ್ಪುಗಳಾಗುವಂತೆ ಮಾಡಿ ಸಾವಿರಾರು ಬಗೆಯ ಕಿಣ್ವಗಳನ್ನು ಹುಟ್ಟಿಸಿ, ಅವುಗಳಲ್ಲಿ ಉತ್ತಮವಾದದ್ದನ್ನು ಆರಿಸುವುದು. ನಮ್ಮ ರೈತ ರಾಶಿಯಲ್ಲಿ ಒಳ್ಳೆಯ ತೆನೆಗಳನ್ನು ಬೀಜಕ್ಕೆಂದು ತೆಗೆದಿಡುತ್ತಾನಲ್ಲ, ಆ ಕೆಲಸವೇ. ಆದರೆ ಕಿಣ್ವಗಳು ವಾಡೆಯೊಳಗೆ ಅಡಗಿದ್ದರೆ ಯಾವುದು ಒಳ್ಳೆಯದೆಂದು ಹೊರಗಿನಿಂದ ಹೇಗೆ ತಿಳಿದೀತು? ಹೊರಮೈಯಲ್ಲಿದ್ದರೆ ತಿಳಿಯುತ್ತದೆ. ವಿಷ ಬೆರೆಸಿದ ಮಬ್ಬು ತಟ್ಟೆಯ ಮೇಲೆ ಬ್ಯಾಕ್ಟೀರಿಯಾಗಳನ್ನು ಬೆಳೆಸಿದಾಗ, ವಿಷವನ್ನು ಚೆನ್ನಾಗಿ ಕಡಿಯುವ ಕುಟುಂಬದ ಸುತ್ತ ಮಬ್ಬು ಕರಗಿ ತಿಳಿಯಾದ ಬಳೆಯೊಂದು ಮೂಡುತ್ತದೆ. ಕಣ್ಣಿನಿಂದಲೇ ಆರಿಸಬಹುದು. ಆರಿಸಿದ ಕುಟುಂಬದೊಳಗೆ ಆ ಕಿಣ್ವದ ಬರಹವೂ ಭದ್ರವಾಗಿರುತ್ತದೆ. ಹೀಗೆ ಆರಿಸುತ್ತ ಹೋಗಿ 2004ರಲ್ಲಿ ಚೆನ್ ಮತ್ತು ಮುಲ್‌ಚಂದಾನಿಯವರ ತಂಡ ಕ್ಲೋರ್‌ಪೈರಿಫಾಸನ್ನು ಕಡಿಯುವ ಸಾಮರ್ಥ್ಯ 725 ಪಟ್ಟು ಹೆಚ್ಚಿದ ಒಂದು ಕಿಣ್ವವನ್ನು ಪಡೆಯಿತು. ಕಿಣ್ವಗಳನ್ನು ಹೀಗೆ ಪೀಳಿಗೆಯಿಂದ ಪೀಳಿಗೆಗೆ ಮಸೆಯುವ ಮಾರ್ಗವನ್ನು ತೋರಿದ ಫ್ರಾನ್ಸೆಸ್ ಆರ್ನಲ್ಡರಿಗೂ, ವೈರಸ್ಸುಗಳ ಮೈಮೇಲೆ ಪ್ರೋಟೀನುಗಳನ್ನು ಪ್ರದರ್ಶಿಸುವ ವಿದ್ಯೆಯನ್ನು 1985ರಲ್ಲಿ ಆರಂಭಿಸಿದ ಜಾರ್ಜ್ ಸ್ಮಿತ್‌ರಿಗೂ, ಅದನ್ನು ಔಷಧಿಗಳಿಗೆ ಒಗ್ಗಿಸಿದ ಗ್ರೆಗರಿ ವಿಂಟರರಿಗೂ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೆಯಾಯಿತು.

ಹತ್ತಿಯ ನಾಡಿನವನಾದ ನನಗೆ ಮತ್ತೊಂದು ಪ್ರಯೋಗ ಬಹಳ ಹಿಡಿಸಿತು. 2002ರಲ್ಲಿ ಇದೇ ತಂಡದವರು ಒಂದೇ ಕೋಶದ ಮೈಮೇಲೆ ಎರಡು ವಸ್ತುಗಳನ್ನು ನಾಟಿದರು. ಒಂದು ವಿಷ ಕಡಿಯುವ ಕಿಣ್ವ. ಇನ್ನೊಂದು ಸೆಲ್ಯುಲೋಸಿಗೆ ಅಂಟಿಕೊಳ್ಳುವ ಪ್ರೋಟೀನಿನ ತುಂಡು. ಸೆಲ್ಯುಲೋಸೆಂದರೆ ನಾರು, ಕಾಗದ, ಹತ್ತಿಯ ಅರಳೆ. ಕೋಶಗಳು ಆ ನಾರಿಗೆ ತಾವಾಗಿಯೇ ಒಂದರ ಪಕ್ಕ ಒಂದು ಕಚ್ಚಿಕೊಂಡವು, ಮೇಲೆ ಹರಿದ ವಿಷದ ನೀರನ್ನು ಹಲವು ವಾರಗಳ ಕಾಲ ಶುದ್ಧಮಾಡಿದವು. ಅಂಟು ಬೇಡ, ಯಂತ್ರ ಬೇಡ. ಯಾವ ಬೆಳೆಗಾಗಿ ವಿಷ ಸುರಿಯುತ್ತೇವೆಯೋ ಆ ಬೆಳೆಯ ನಾರೇ ವಿಷಹಾರಿಗೆ ಆಸನವಾಗಬಲ್ಲುದು.

ಇಷ್ಟೆಲ್ಲ ಹೇಳಿದ ಮೇಲೆ ಇದರ ಕೊರತೆಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಗೋಡೆಯ ತುಂಬ ಗೂಟ ಬಡಿದರೆ ಗೋಡೆ ಶಿಥಿಲವಾಗುತ್ತದೆ. ಅತಿಯಾಗಿ ಹೊರಮೈಯಲ್ಲಿ ಹೊತ್ತ ಕೋಶಗಳು ಸೊರಗುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ. ಬಹಳ ದೊಡ್ಡ ಕಿಣ್ವಗಳು ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಕೋಶದೊಳಗಿನ ಶಕ್ತಿಯನ್ನು ಖರ್ಚುಮಾಡಿಯೇ ನಡೆಯಬೇಕಾದ ಕ್ರಿಯೆಗಳಿಗೆ ಅಗಸೆಯ ಕಟ್ಟೆ ತಕ್ಕ ಸ್ಥಳವಲ್ಲ. ಅದಲ್ಲದೆ ಈ ಕಿಣ್ವ ಎಲ್ಲ ವಿಷಕ್ಕೂ ಮದ್ದಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ, 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ತಡೆದ ಎಂಡೋಸಲ್ಫಾನ್ ಕ್ಲೋರಿನ್ನಿನ ಕುಲದ್ದು. ಅದರಲ್ಲಿ ಈ ಕತ್ತರಿಗೆ ಸಿಕ್ಕುವ ರಂಜಕದ ಬಂಧವೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಾನೂನಿನದು, ವಿವೇಕದ್ದೂ ಹೌದು. ಇವು ಮನುಷ್ಯ ತಿದ್ದಿದ ಜೀವಿಗಳು. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ಮಾಡಿದ ನಿಯಮಗಳ ಪ್ರಕಾರ ಇಂಥವನ್ನು ಒಪ್ಪಿಗೆಯಿಲ್ಲದೆ ಹೊಲಕ್ಕಾಗಲಿ ಕಾಲುವೆಗಾಗಲಿ ಬಿಡಕೂಡದು. ಈ ನಿರ್ಬಂಧ ಇರತಕ್ಕದ್ದೇ ಎಂದು ನನ್ನ ಅಭಿಪ್ರಾಯ. ಆದುದರಿಂದಲೇ ಬಹುಮಂದಿ ಈ ವಿದ್ಯೆಯನ್ನು ಮುಚ್ಚಿದ ತೊಟ್ಟಿಗೆ, ಶೋಧಕಕ್ಕೆ, ವಿಷ ಪತ್ತೆಹಚ್ಚುವ ಉಪಕರಣಕ್ಕೆ ಸೀಮಿತಗೊಳಿಸಿಕೊಂಡಿದ್ದಾರೆ. ಇಲ್ಲೊಂದು ಅನುಕೂಲವಿದೆ. ಹೊರಮೈಯ ಕಿಣ್ವವು ವಿಷವನ್ನು ಕಡಿಯಲು ಕೋಶ ಬೆಳೆಯುತ್ತಿರಬೇಕಾಗಿಲ್ಲ. ವಾಡೆಯೊಳಗಿನ ಸಂಸಾರ ನಿಂತರೂ ಕಟ್ಟೆಯ ಮೇಲಿನ ಕಮ್ಮಾರ ಕೆಲವು ಕಾಲ ಬಡಿಯುತ್ತಲೇ ಇರುತ್ತಾನೆ. ಸತ್ತ ಕೋಶ ಸಂತಾನ ಬೆಳೆಸುವುದಿಲ್ಲ, ಭಯವೂ ಅಷ್ಟರಮಟ್ಟಿಗೆ ಕಡಿಮೆ.

ಆಸ್ಟ್ರೇಲಿಯದವರು ಈ ತಕರಾರೇ ಬೇಡವೆಂದು ಬೇರೆ ಹಾದಿ ಹಿಡಿದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯು ಇದೇ ಬಗೆಯ ಕಿಣ್ವವನ್ನು ಕೋಶದಿಂದ ಹೊರತೆಗೆದು ಪುಡಿಯ ರೂಪದಲ್ಲಿ ಸಿದ್ಧಗೊಳಿಸಿ, ಹತ್ತಿಯ ಹೊಲಗಳಿಂದ ಹರಿದುಬಂದ ವಿಷದ ನೀರಿನ ಮೇಲೂ ಕುರಿಗಳನ್ನು ಅದ್ದಿದ ತೊಟ್ಟಿಗಳ ಮೇಲೂ ಪ್ರಯೋಗಿಸಿ ಫಲ ಕಂಡಿತು. ಒಮ್ಮೆ ಸುರಿದರೆ ಮುಗಿಯಿತು, ಮರಳಿ ಬಳಸುವಂತಿಲ್ಲ. ನಮ್ಮಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಚ್. ಝಡ್. ನಿನ್ನೇಕರ್ ಮತ್ತು ಅವರ ಶಿಷ್ಯರು ಸೈಪರ್‌ಮೆತ್ರಿನ್ ಎಂಬ ಮತ್ತೊಂದು ಕುಲದ ಕೀಟನಾಶಕವನ್ನು ಆಹಾರವಾಗಿ ಉಣ್ಣುವ ಮೈಕ್ರೊಕಾಕಸ್ ಒಂದನ್ನು ಮಣ್ಣಿನಿಂದ ಹೆಕ್ಕಿ 2008ರಲ್ಲಿ ವರದಿಮಾಡಿದರು. ಮುಂದೆ ಆ ಕೋಶಗಳನ್ನು ಪಾಲಿಯುರೆಥೇನ್ ನೊರೆಯಲ್ಲಿಯೂ ಆಲ್ಜಿನೇಟಿನ ಗುಂಡುಗಳಲ್ಲಿಯೂ ಸೆರೆಹಿಡಿದು ಮತ್ತೆ ಮತ್ತೆ ಬಳಸಿ ನೋಡಿದರು. ಅವು ನಿಸರ್ಗದ ಬ್ಯಾಕ್ಟೀರಿಯಾಗಳು, ಯಾರೂ ತಿದ್ದಿದವಲ್ಲ. ಆದುದರಿಂದ ಅವುಗಳ ಬಳಕೆಗೆ ಆ ನಿಯಮಗಳ ತೊಡಕಿಲ್ಲ. ಆದರೆ ಅವುಗಳಲ್ಲಿ ವಿಷವು ಗೋಡೆ ದಾಟಿ ಒಳಗೇ ಹೋಗಬೇಕು.

ಹುಣಸಗಿಗೆ ಇದರಿಂದ ಏನು ಬಂದೀತೆಂದು ಕೇಳುವವರಿಗೆ ನನ್ನ ಕಣ್ಣಿಗೆ ಕಟ್ಟಿದ್ದನ್ನು ಹೇಳುತ್ತೇನೆ. ಇಡೀ ಕಾಲುವೆಯನ್ನು ಯಾವ ಬ್ಯಾಕ್ಟೀರಿಯಾವೂ ತೊಳೆಯಲಾರದು, ಅಂಥ ಆಸೆ ಇಟ್ಟುಕೊಳ್ಳಬಾರದು. ಆದರೆ ಪಂಪು, ಕೊಡ, ಡಬ್ಬಿ ತೊಳೆದ ನೀರು ಸ್ವಲ್ಪ, ಅದರಲ್ಲಿನ ವಿಷ ಬಹಳ. ಕಿಣ್ವಕ್ಕೆ ಒಗ್ಗುವುದು ಇಂಥ ನೀರೇ. ತೂಬಿನ ಹತ್ತಿರ ತೊಳೆಯುವುದನ್ನು ಬಿಟ್ಟು ಊರಿಗೊಂದು ಸಿಮೆಂಟಿನ ತೊಟ್ಟಿಯಲ್ಲಿ ತೊಳೆದು, ಆ ನೀರನ್ನು ನಾರಿನ ಹಾಸಿನ ಮೂಲಕ ಇಳಿಬಿಡುವುದಷ್ಟೇ ಬೇಕಾದ ಏರ್ಪಾಡು. ತೊಟ್ಟಿ ಕಟ್ಟಲು ವಿಜ್ಞಾನಿ ಬೇಕಾಗಿಲ್ಲ, ಅದನ್ನು ಇಂದೇ ಕಟ್ಟಬಹುದು. ಹಾಸಿನ ಮೇಲೆ ಕೂರಿಸುವ ಕೋಶಗಳಿಗೆ ಮಾತ್ರ ಪರೀಕ್ಷೆ, ಒಪ್ಪಿಗೆ ಎಲ್ಲವೂ ಆಗಬೇಕು.

ಅಂಥ ತೊಟ್ಟಿಯಲ್ಲಿ ಮತ್ತೊಂದು ಕೆಲಸ ಉಳಿದಿರುತ್ತದೆ. ಪ್ಯಾರಾಥಿಯಾನ್ ತುಂಡಾದಾಗ ಹುಟ್ಟುವ ನೈಟ್ರೋಫೀನಾಲ್ ನೀರನ್ನು ಹಳದಿಯಾಗಿಸುತ್ತದೆ. ಪ್ರಯೋಗಶಾಲೆಯವರು ಕಿಣ್ವದ ವೇಗವನ್ನು ಅಳೆಯುವುದು ಆ ಹಳದಿಯ ಗಾಢತೆಯಿಂದಲೇ. ಮೂಲ ವಿಷಕ್ಕಿಂತ ಅದು ಬಹಳ ಸೌಮ್ಯವಾದರೂ ಕುಡಿಯತಕ್ಕ ವಸ್ತುವಲ್ಲ. ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿವೆ, ಅವುಗಳನ್ನು ಎರಡನೆಯ ತೊಟ್ಟಿಯಲ್ಲಿ ಇಡಬೇಕು. ಆದುದರಿಂದ ಮೊದಲ ತೊಟ್ಟಿಯ ನೀರು ಹಳದಿಗೆ ತಿರುಗಿತೆಂದರೆ ಕಿಣ್ವ ಕೆಲಸ ಮಾಡುತ್ತಿದೆಯೆಂದು ಅರ್ಥ. ಎರಡನೆಯದರಲ್ಲಿ ಆ ಹಳದಿ ಮಾಯವಾಗುವವರೆಗೆ ತೂಬನ್ನು ತೆರೆಯಕೂಡದು.